ಎದುರು ಕುರ್ಚಿಯ ಕೊಡೆ

ನಾನು ಒಂದು ಕೊಡೆ. ಈಗಿನ ಹಾಗೆ ಮೂರು ಮಡಿಕೆ ಮಡಿಸಿ ಕೈಚೀಲಕ್ಕೆ ತುರುಕುವ ಜಾತಿಯಲ್ಲ. ಉದ್ದನೆಯ ಗಂಡಸರ ಕೊಡೆ. ಬಾಗಿದ ಬೆತ್ತದ ಹಿಡಿ, ಎಂಟು ಉಕ್ಕಿನ ಕಡ್ಡಿ, ಮೈತುಂಬ ಕರೀ ಬಟ್ಟೆ. ದಾವಣಗೆರೆಯ ಚೌಕಿಪೇಟೆಯಲ್ಲಿ, ಅಂಗೈಯಗಲದ ಒಂದು ಅಂಗಡಿಯಲ್ಲಿ, ಬುಡೇನ್ ಸಾಬರು ನನ್ನನ್ನು ಹುಟ್ಟಿಸಿದರು. ಬೆತ್ತವನ್ನು ಹಬೆಗೆ ಹಿಡಿದು ಬಗ್ಗಿಸುವಾಗ ನೋವಾಯಿತೇ ಎಂದು ಯಾರೂ ಕೇಳಲಿಲ್ಲ. ಬಟ್ಟೆ ಹೊಲಿದು ಮುಗಿದ ಮೇಲೆ ಸಾಬರು ನನ್ನನ್ನು ಪಟಾರನೆ ಬಿಚ್ಚಿ, ಬೆಳಕಿಗೆ ಹಿಡಿದು, "ಒಂದು ಹನಿ ಒಳಗೆ ಬರಲ್ಲ ನೋಡ್ರಿ" ಎಂದರು. ಆ ಮಾತಿನಿಂದ ಏರಿದ ಜಂಬ ನನಗೆ ಬಹಳ ವರ್ಷ ಇಳಿಯಲಿಲ್ಲ.

ನನ್ನನ್ನು ಕೊಂಡವರು ಪಂಚಾಕ್ಷರಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ಅವರು ಮತ್ತು ಮಗಳು ಗಂಗಾಂಬಿಕೆ. ಅಪ್ಪನ ಪಕ್ಕದಲ್ಲಿ ನನ್ನ ನೆರಳಿನೊಳಗೆ ನಡೆಯುತ್ತಿದ್ದ ಆ ಹುಡುಗಿಯ ಬೈತಲೆ ನನಗೆ ಮೇಲಿನಿಂದ ಕಾಣುತ್ತಿತ್ತು. ಮೊದಲು ಎರಡು ಜಡೆ, ಆಮೇಲೆ ಒಂದು, ಆಮೇಲೆ ತುರುಬು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋದರು. ಕೆಲವು ವರ್ಷಗಳ ನಂತರ ಬರುವುದನ್ನೂ ಬಿಟ್ಟರು. ಅವಳು ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆದಳು. ಮೇಷ್ಟ್ರು ತೀರಿಕೊಂಡಾಗ ಅವಳಿಗೆ ಮೂವತ್ತೇಳು. ಆರು ತಿಂಗಳೊಳಗೆ ಬೆಂಗಳೂರಿಗೆ ವರ್ಗವಾಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಪ್ಪನ ನೆನಪಿಗೆ ನಾನು. ಅಷ್ಟೇ ಅವಳ ಸಾಮಾನು.

ಚಾಮರಾಜಪೇಟೆಯ ಒಂದು ವಠಾರದ ಹಿಂದಿನ ಕೋಣೆ ಅವಳದಾಯಿತು. ಕೆಲಸ ಟ್ರಂಕ್ ಕಾಲ್ ವಿಭಾಗದಲ್ಲಿ. ನಾನು ಡ್ಯೂಟಿ ಕೋಣೆಯ ಗೂಟಕ್ಕೆ ನೇತುಬಿದ್ದು ನೋಡುತ್ತಿದ್ದೆ. ಬೆಳಗಿನಿಂದ ಅವಳು ಊರೂರನ್ನು ಜೋಡಿಸುವಳು. "ಹುಬ್ಬಳ್ಳಿ ಲೈನಲ್ಲಿದೆ, ಮಾತಾಡಿ." "ಮದರಾಸು ಸಿಕ್ಕಿದೆ, ಮಾತಾಡಿ." ದಿನಕ್ಕೆ ನೂರು ಸಲ ಮಾತಾಡಿ ಎನ್ನುವವಳೊಡನೆ ಮಾತಾಡುವವರು ಯಾರೂ ಇರಲಿಲ್ಲ. ಜೊತೆಯ ಹೆಂಗಸರು ಒಳ್ಳೆಯವರೇ. ಆದರೆ ಎರಡು ಗಂಟೆಗೆ ಪಾಳಿ ಮುಗಿದೊಡನೆ ಮಕ್ಕಳು ಸ್ಕೂಲಿಂದ ಬರ್ತಾರೆ, ಅತ್ತೆ ಕಾಯ್ತಿರ್ತಾರೆ ಎಂದು ಬಸ್ಸಿಗೆ ಓಡುತ್ತಿದ್ದರು.

ಇವಳಿಗೆ ಕಾಯುವವರಿಲ್ಲ, ಹಸಿವು ಮಾತ್ರ ಇತ್ತು. ಮೊದಲ ಸಲ ಒಬ್ಬಳೇ ಹೋಟೆಲಿಗೆ ಹೋದಾಗ ಬಾಗಿಲಲ್ಲೇ "ಲೇಡೀಸ್ ಒಳಗಡೆ" ಎಂದು ಕೈ ತೋರಿಸಿದರು. ಒಳಗೆ ಮರದ ಹಲಗೆಯಿಂದ ಮಾಡಿದ ಗೂಡುಗಳು. ಅದಕ್ಕೆ ಫ್ಯಾಮಿಲಿ ರೂಮು ಎಂದು ಹೆಸರು. ಫ್ಯಾಮಿಲಿಯಿಲ್ಲದ ಹೆಂಗಸು ಅಲ್ಲಿ ಅರ್ಧ ಗಂಟೆ ಕುಳಿತಳು. ಯಾರೂ ಬರಲಿಲ್ಲ. ಎರಡು ಸಲ "ಏನ್ರೀ" ಎಂದು ಕರೆದಳು. ದನಿ ಹಲಗೆಯನ್ನೂ ದಾಟಲಿಲ್ಲ. ಎದ್ದು ಬಂದು ಬಾಳೆಹಣ್ಣು ತಿಂದು ಮಲಗಿದಳು. ಅವತ್ತು ನನಗೆ ಆ ಹೋಟೆಲಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದಿನ ವಾರ ಗಾಂಧಿಬಜಾರಿನಲ್ಲಿ ಮಳೆ ಸಿಕ್ಕಿತು. ಎದುರಿಗಿದ್ದ ಹೋಟೆಲಿಗೆ ನುಗ್ಗಿ, ಈ ಸಲ ಒಳಗಿನ ಗೂಡಿಗೆ ಹೋಗದೆ, ಹೊರಗಿನ ಹಾಲ್‌ನಲ್ಲೇ ಇಬ್ಬರು ಕೂರುವ ಒಂದು ಟೇಬಲ್ ಹಿಡಿದಳು. ತೊಟ್ಟಿಕ್ಕುತ್ತಿದ್ದ ನನ್ನನ್ನು ಎದುರಿನ ಕುರ್ಚಿಯ ಮೇಲೆ ಇಟ್ಟಳು. ಸಪ್ಲೈಯರ್ ಸುಬ್ರಾಯ, ನಡುವಯಸ್ಸಿನ ಕುಂದಾಪುರದವನು, ಬಂದು ನನ್ನನ್ನು ನೋಡಿದ. ಗಂಡಸಿನ ಕೊಡೆ. ಟಣ್ ಟಣ್ ಎಂದು ಎರಡು ಲೋಟ ನೀರಿಟ್ಟ.

"ಯಜಮಾನ್ರು ಕೈ ತೊಳಿಲಿಕ್ಕೆ ಹೋದ್ರಾ ಅಮ್ಮ?"

ಗಂಗಾಂಬಿಕೆ ಎರಡನೆಯ ಲೋಟವನ್ನು ನೋಡಿದಳು. ಆಮೇಲೆ "ಹ್ಞೂಂ" ಎಂದಳು.

ಆ ಹ್ಞೂಂಕಾರದಿಂದ ಎಲ್ಲವೂ ಶುರುವಾಯಿತು. ಅವತ್ತು ಅವಳಿಗೆ ಸಿಕ್ಕ ಮರ್ಯಾದೆಯೇ ಬೇರೆ. ಬಿಸಿ ಖಾಲಿದೋಸೆ ಬಂತು, ಕೇಳದೆಯೇ ಸಾಗು ಬಂತು, ಕಾಫಿಯ ನೊರೆ ಲೋಟದ ಕಂಠ ಮೀರಿ ಬಂತು. ಪಕ್ಕದ ಟೇಬಲಿನ ಗಂಡಸರು ದಿಟ್ಟಿಸಲಿಲ್ಲ. ಅವಳು ನಿಧಾನವಾಗಿ, ಚಟ್ನಿ ಬಳಿದು ತಿಂದಳು. ನಾನು ಎದುರಿಗೆ ಕುಳಿತು ಅವಳ ಮುಖ ನೋಡಿದೆ. ಅಷ್ಟು ವರ್ಷ ಮೇಲಿನಿಂದ ಬೈತಲೆ ನೋಡಿದವನಿಗೆ ಮುಖ ಸರಿಯಾಗಿ ಕಂಡದ್ದು ಅದೇ ಮೊದಲು. ಇನ್ನು ಮೇಲೆ ಇವಳಿಗೆ ನಾನೇ ಜೊತೆ ಎಂದುಕೊಂಡೆ.

ಆಮೇಲೆ ಮಳೆಯಿರಲಿ ಬಿಡಲಿ, ನನ್ನನ್ನು ಬಿಟ್ಟು ಅವಳು ತಿಂಡಿಗೆ ಹೊರಡಲಿಲ್ಲ. ಹೋಟೆಲುಗಳ ಸುಳಿವು ಅವಳಿಗೆ ಸಿಗುತ್ತಿದ್ದದ್ದು ವಿಚಿತ್ರ ರೀತಿಯಲ್ಲಿ. ಲೈನು ಸರಿಯಾಗಿದೆಯೇ ಎಂದು ಕಿವಿಗೊಡುವ ಒಂದೆರಡು ಕ್ಷಣದಲ್ಲಿ ಜನರ ಮಾತಿನ ತುಣುಕು ಬೀಳುತ್ತಿತ್ತು. ಟ್ರಂಕ್ ಕಾಲ್ ಮಾಡಿ ಜನ ತಿಂಡಿಯ ವಿಷಯವನ್ನು ಅಷ್ಟೊಂದು ಮಾತಾಡುತ್ತಾರೆಂದು ನನಗೂ ಗೊತ್ತಿರಲಿಲ್ಲ. ಬಳೇಪೇಟೆಯಲ್ಲಿ ಕಡಿದಾದ ಮೆಟ್ಟಿಲು ಹತ್ತಿದರೆ ತುಪ್ಪ ಸುರಿದ ಇಡ್ಲಿ ಸಿಗುತ್ತದೆಂದು ಒಬ್ಬ ಅಳಿಯ ಮಾವನಿಗೆ ಹೇಳುತ್ತಿದ್ದ. ಚಿಕ್ಕಪೇಟೆಯ ಗಲ್ಲಿಯ ಲಸ್ಸಿಯ ಮೇಲೆ ನಿಲ್ಲುವ ಕೆನೆಯ ಗುಣಗಾನವನ್ನು ಒಬ್ಬ ಬಟ್ಟೆ ವ್ಯಾಪಾರಿ ಜೋಧಪುರಕ್ಕೆ ಮಾಡುತ್ತಿದ್ದ. ಹಲಸೂರಿನ ಪೊಂಗಲ್, ಬಸವನಗುಡಿಯ ಅವರೆಕಾಳಿನ ಅಕ್ಕಿರೊಟ್ಟಿ, ಕಬ್ಬನ್‌ಪೇಟೆಯ ಬಾದಾಮಿ ಹಾಲು. ಇವಳು ಹೆಸರನ್ನು ಚೀಟಿಯ ಮೇಲೆ ಗೀಚಿಕೊಂಡು, ಪಾಳಿ ಮುಗಿದೊಡನೆ ನನ್ನನ್ನು ಎತ್ತಿಕೊಂಡು ಹೊರಡುವಳು. ನನಗೆ ಬಾಯಿಲ್ಲ, ಆದರೆ ಬಟ್ಟೆಗೆ ವಾಸನೆ ಹಿಡಿಯುತ್ತದೆ. ಬೆಂಗಳೂರಿನ ಒಂದೊಂದು ಪೇಟೆಯೂ ನನ್ನ ಮೈಗೆ ಹತ್ತಿತು.

ಬಿಡುವಿಲ್ಲದೆ ಹೊಸ ಜಾಗ ಹುಡುಕುವುದು ಅವಳ ನಾಲಗೆಯ ಚಪಲ ಎಂದು ಡ್ಯೂಟಿ ಕೋಣೆಯವರು ರೇಗಿಸುತ್ತಿದ್ದರು. ಚಪಲ ಇತ್ತು, ಸುಳ್ಳೇಕೆ ಹೇಳಲಿ. ಆದರೆ ನಿಜವಾದ ಕಾರಣ ನಾನು. ಗಾಂಧಿಬಜಾರಿನ ಸುಬ್ರಾಯನ ಹೋಟೆಲಿಗೆ ಅವಳು ಐದು ಸಲ ಹೋದಳು. ಎರಡನೆಯ ಸಲ ಅವನು "ಯಜಮಾನ್ರು ಲೇಟಾ?" ಎಂದ. ಮೂರನೆಯ ಸಲ "ಯಾವ ಆಫೀಸಲ್ಲಿ ಕೆಲಸ ಅವರಿಗೆ?" ಎಂದ. "ಕಾಫಿಪುಡಿ ಫ್ಯಾಕ್ಟರಿ" ಎಂದಳು ಇವಳು, ಎದುರಿಗೆ ಬರೆದಿದ್ದ ಕಾಫಿಪುಡಿಯ ಜಾಹೀರಾತು ನೋಡಿ. ಐದನೆಯ ಸಲ ಸುಬ್ರಾಯ ಎಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದು ಪ್ರೀತಿಯಿಂದ ಮುಂದಿಟ್ಟ.

"ಇವತ್ತು ಮದ್ದೂರು ವಡೆ ಬೇಗ ಖಾಲಿಯಾಯ್ತಮ್ಮ. ಎರಡು ಯಜಮಾನ್ರಿಗೆ ಅಂತ ತೆಗ್ದಿಟ್ಟಿದ್ದೆ. ಪಾಪ, ಅವರಿಗೆ ಬರ್ಲಿಕ್ಕೇ ಪುರುಸೊತ್ತಿಲ್ಲ."

ಗಂಗಾಂಬಿಕೆ ಅದನ್ನು ಕೋಣೆಗೆ ತಂದಳು. ಮಂಚದ ತುದಿಯಲ್ಲಿ ಕುಳಿತು, ಇಲ್ಲದ ಗಂಡನ ಪಾಲಿನ ಎರಡೂ ವಡೆಯನ್ನು ತಿಂದಳು. ತಿನ್ನುತ್ತಾ ತಿನ್ನುತ್ತಾ ಅತ್ತಳು. ನನಗೂ ಸಂಕಟವಾಯಿತು. ಆಮೇಲೆ ಬಹಳ ವರ್ಷ ಆ ಹೋಟೆಲಿನ ಕಡೆ ಅವಳು ಕಾಲಿಡಲಿಲ್ಲ.

ಎಲ್ಲ ಕಡೆಯೂ ಇದೇ ಕಥೆ. ಒಂದು ಜಾಗದ ರುಚಿ ನಾಲಗೆಗೆ ಹತ್ತುವ ಹೊತ್ತಿಗೆ ಅಲ್ಲಿನವರಿಗೆ ಅವಳ ಪರಿಚಯವಾಗುತ್ತಿತ್ತು. ಪರಿಚಯವಾದೊಡನೆ ಯಜಮಾನ್ರು ಎಲ್ಲಿ ಎಂಬ ಪ್ರಶ್ನೆ. ಪ್ರಶ್ನೆ ಬಂದೊಡನೆ ಇವಳು ಪರಾರಿ. ನನ್ನನ್ನು ಕೋಣೆಯಲ್ಲೇ ಬಿಟ್ಟು ಹೋಗಬಹುದಿತ್ತು. ಒಂದೆರಡು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದು ನನ್ನನ್ನು ಎತ್ತಿಕೊಂಡಳು. ಖಾಲಿ ಕುರ್ಚಿಯ ಎದುರು ತಿನ್ನುವ ಧೈರ್ಯ ಅವಳಿಗಿರಲಿಲ್ಲ. ನನಗೆ ಆಗ ಒಳಗೊಳಗೇ ಖುಷಿಯಾಗುತ್ತಿತ್ತು. ಹೀಗೆ ಏಳು ವರ್ಷ ಕಳೆದವು.

ಒಂದು ದಿನ ಲೈನಿನಲ್ಲಿ ಒಬ್ಬ ಹೆಂಗಸು ದಾವಣಗೆರೆಯ ತಂಗಿಗೆ ಹೇಳುತ್ತಿದ್ದಳು: "ಮಲ್ಲೇಶ್ವರದಾಗೆ ಗುರುವಾರ ಗುರುವಾರ ಪಡ್ಡು ಮಾಡ್ತಾರೆ ಕಣೇ. ಥೇಟ್ ನಮ್ಮೂರಿಂದೇ." ಗಂಗಾಂಬಿಕೆ ಮೂರು ಗುರುವಾರ ಅಡ್ಡರಸ್ತೆಗಳಲ್ಲಿ ಅಲೆದು ಆ ಜಾಗ ಕಂಡುಹಿಡಿದಳು. ಆರೇ ಟೇಬಲ್. ಹೆಂಡತಿ ಒಲೆಯ ಮುಂದೆ. ಬಡಿಸುವುದಕ್ಕೆ ಗಂಡ ಅನಂತಯ್ಯ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮುದುಕ. ಪಡ್ಡು ಹೊರಗೆ ಗರಿಗರಿ, ಒಳಗೆ ಹತ್ತಿ, ಜೊತೆಗೆ ಕಾಯಿಚಟ್ನಿ ಮತ್ತು ಒಂದು ಮುದ್ದೆ ಬೆಣ್ಣೆ. ಮೊದಲನೆಯದನ್ನು ಬಾಯಿಗಿಟ್ಟು ಅವಳು ಕಣ್ಣು ಮುಚ್ಚಿಕೊಂಡಳು. ಊರು ಬಿಟ್ಟ ಮೇಲೆ ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ. ಅನಂತಯ್ಯ ಎರಡು ಲೋಟ ನೀರಿಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಅವಳು ಏಳು ಗುರುವಾರ ಹೋದಳು. ಈ ಜಾಗವೊಂದು ಕೈತಪ್ಪದಿರಲಿ ಎಂದು ದೇವರಿಗೆ ಹೇಳಿಕೊಂಡದ್ದೂ ನನಗೆ ಕೇಳಿಸಿತು.

ಎಂಟನೆಯ ಗುರುವಾರ ಕಾಲಿಡಲು ಜಾಗವಿರಲಿಲ್ಲ. ತಿನ್ನುವವರ ಕುರ್ಚಿಯ ಹಿಂದೆ ಕಾಯುವವರು ನಿಂತಿದ್ದರು. ಗೋಡೆಗೆ ಕೈಯೂರಿ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸನ್ನು ತೋರಿಸಿ ಅನಂತಯ್ಯ ಕೇಳಿದರು:

"ಅಮ್ಮ, ಯಜಮಾನ್ರು ಇವತ್ತು ಬರೋದಿದ್ಯಾ? ಇವರಿಗೆ ಮಂಡಿ ನೋವು, ನಿಲ್ಲಕ್ಕಾಗ್ತಿಲ್ಲ."

ಹ್ಞೂಂ ಅಂದುಬಿಡು, ಎಂದೆ ನಾನು. ನನ್ನ ಜಾಗ ಹೋಗುವ ಭಯ ನನಗೆ. ಗಂಗಾಂಬಿಕೆ ನನ್ನನ್ನು ನೋಡಿದಳು, ಆ ಹೆಂಗಸಿನ ನಡುಗುವ ಕಾಲನ್ನು ನೋಡಿದಳು, ತಟ್ಟೆಯಲ್ಲಿ ಉಳಿದಿದ್ದ ಪಡ್ಡುವನ್ನು ನೋಡಿದಳು.

"ಬರಲ್ರೀ," ಎಂದಳು. "ಇವತ್ತಲ್ಲ, ಯಾವತ್ತೂ ಬರಲ್ಲ. ನನಗೆ ಯಜಮಾನ್ರೇ ಇಲ್ಲ. ಇದು ನಮ್ಮಪ್ಪಾಜಿ ಕೊಡೆ. ಸುಮ್ನೆ ಇಟ್ಕಂಡು ಕೂರ್ತೀನಿ."

ಪಕ್ಕದ ಟೇಬಲಿನವರು ತಿನ್ನುವುದನ್ನು ನಿಲ್ಲಿಸಿದರು. ಅವಳ ಕಿವಿ ಕೆಂಪಾಯಿತು. ಎದ್ದು ಓಡುತ್ತಾಳೆ, ಈ ಹೋಟೆಲೂ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಆ ವಯಸ್ಸಾದ ಹೆಂಗಸು ಬಾಯಿಬಿಟ್ಟರು.

"ಹಾಗಾದ್ರೆ ಬೇಗ ಎತ್ತಮ್ಮಾ ತಾಯಿ! ಇಲ್ದೇ ಇರೋ ಗಂಡನಿಗೋಸ್ಕರ ನನ್ನ ಮಂಡಿ ಯಾಕೆ ಹಾಳಾಗ್ಬೇಕು?"

ಯಾರೋ ನಕ್ಕರು. ಆಮೇಲೆ ಗಂಗಾಂಬಿಕೆಯೂ ನಕ್ಕಳು. ಅನಂತಯ್ಯ ನನ್ನನ್ನು ಎತ್ತಿ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ನೇತುಹಾಕಿದರು. ಆ ಹೆಂಗಸು, ವಿಮಲಾಬಾಯಿ, ಉಸ್ಸಪ್ಪಾ ಎಂದು ನನ್ನ ಕುರ್ಚಿಯಲ್ಲಿ ಕುಳಿತು, ಎರಡನೆಯ ಲೋಟದ ನೀರನ್ನು ಗಟಗಟ ಕುಡಿದರು.

ಮೊಳೆಯಿಂದ ನನಗೆ ಅರ್ಧ ಮಾತು ಕೇಳಿಸುತ್ತಿತ್ತು. ವಿಮಲಾಬಾಯಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. "ಮನೇಲಿ ಹನ್ನೊಂದು ಜನ ಇದ್ದೀವಿ. ಒಬ್ರೂ ನನ್ನ ಜೊತೆ ಕೂತು ತಿನ್ನಲ್ಲ ಕಣಮ್ಮ," ಎನ್ನುತ್ತಿದ್ದರು. "ಬಳೇಪೇಟೆ ಇಡ್ಲಿ ತಿಂದಿದ್ದೀರಾ?" ಎಂದಳು ಇವಳು. ಒಂದು ಕಾಫಿ ತರಿಸಿ ಬೈಟೂ ಮಾಡಿಸಿಕೊಂಡು ಕುಡಿದರು. ಕೈ ತೊಳೆದು ಮಾತಾಡುತ್ತಲೇ ಮೆಟ್ಟಿಲಿಳಿದರು. ಬಿಸಿಲಿತ್ತು. ನನ್ನ ನೆನಪು ಅವಳಿಗೆ ಬರಲಿಲ್ಲ.

ಒಂದು ವಾರ ನಾನು ಬಾಗಿಲನ್ನೇ ನೋಡುತ್ತಿದ್ದೆ. ಮುಂದಿನ ಗುರುವಾರ ಇಬ್ಬರೂ ಒಟ್ಟಿಗೇ ಬಂದರು. ಗಂಗಾಂಬಿಕೆ ನೇರ ನನ್ನ ಹತ್ತಿರ ಬಂದು, ಮೊಳೆಯಿಂದ ಇಳಿಸಿ, ಅಪ್ಪ ಹಿಡಿಯುತ್ತಿದ್ದ ಜಾಗದಲ್ಲೇ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮತ್ತೆ ಮೊಳೆಗೇ ಸಿಕ್ಕಿಸಿದಳು.

"ತಗೊಂಡೋಗಲ್ವಾ?" ಎಂದರು ವಿಮಲಾಬಾಯಿ.

"ಮನೆಗೆ ಒಯ್ದರೆ ಮತ್ತೆ ಕುರ್ಚಿ ಮೇಲೆ ಇಡ್ತೀನಿ. ಇಲ್ಲೇ ಇರಲಿ ಅನಂತಯ್ಯೋರೇ, ಮಳೆ ಬಂದ್ರೆ ಯಾರಿಗಾದ್ರೂ ಆಗ್ತತಿ."

ನನಗೆ ಬಂದ ದುಃಖವನ್ನು ಹೇಳಲಾರೆ. ಏಳು ವರ್ಷ ಎದುರಿಗೆ ಕುಳಿತವನನ್ನು ಹೀಗೆ ಮೊಳೆಗೆ ಬಿಟ್ಟು ಹೋಗುವುದೇ? ಬಹಳ ದಿನ ಅವಳ ಮೇಲೆ ಮುನಿಸಿಕೊಂಡಿದ್ದೆ. ಗುರುವಾರ ಗುರುವಾರ ಅವರಿಬ್ಬರೂ ಬರುವರು. ನಾನಿಲ್ಲದೆ ಹೋಗಿದ್ದ ಜಾಗಗಳ ಹೆಸರು ಹೇಳುವರು. ಗಾಂಧಿಬಜಾರಿಗೂ ಹೋಗಿ ಸುಬ್ರಾಯನಿಗೆ ನಿಜ ಹೇಳಿದಳಂತೆ. ಅವನು ಒಂದು ಗಳಿಗೆ ಪೆಚ್ಚಾಗಿ, ಆಮೇಲೆ ಬಿಸಿ ವಡೆ ತಂದಿಟ್ಟನಂತೆ. ಅದನ್ನು ಹೇಳುವಾಗ ಅವಳು ನಗುವುದನ್ನು ದೂರದಿಂದ ಕೇಳುತ್ತಾ ನನಗೆ ನಿಧಾನವಾಗಿ ಒಂದು ವಿಷಯ ತಿಳಿಯಿತು. ನಾನು ಅವಳಿಗೆ ಜೊತೆಯಾಗಿದ್ದೇನೆಂದು ಬೀಗುತ್ತಿದ್ದೆ. ಜೊತೆಗೆ ಬರಬೇಕಾದವರ ಕುರ್ಚಿಯಲ್ಲಿ ಕುಳಿತು ಅವರನ್ನು ತಡೆದದ್ದೂ ನಾನೇ. ಒಂದು ಹನಿಯನ್ನೂ ಒಳಗೆ ಬಿಡದವನು ಒಬ್ಬ ಮನುಷ್ಯನನ್ನೂ ಬಿಟ್ಟಿರಲಿಲ್ಲ.

ಅನಂತಯ್ಯ ಮಳೆಗಾಲದಲ್ಲಿ ನನ್ನನ್ನು ಹಿಡಿದು ಗಿರಾಕಿಗಳನ್ನು ಆಟೋವರೆಗೆ ಬಿಟ್ಟುಬರುತ್ತಿದ್ದರು. ಅವರ ನಂತರ ಅವರ ಅಳಿಯ. ಎರಡು ಕಡ್ಡಿ ಮುರಿದವು, ಬಟ್ಟೆ ಕಂದಿತು, ಹಿಡಿ ಸೀಳಿತು. ಈಗ ಹಿಟ್ಟಿನ ಡಬ್ಬಗಳ ಪಕ್ಕದ ಮೂಲೆಯಲ್ಲಿ ಒರಗಿದ್ದೇನೆ. ಬಿಚ್ಚಲು ಹೋದವರು ಬೈದುಕೊಂಡು ವಾಪಸು ಇಡುತ್ತಾರೆ.

ಹೋದ ಗುರುವಾರ ಗಂಗಾಂಬಿಕೆ ಬಂದಿದ್ದಳು. ಬೈತಲೆ ಪೂರ್ತಿ ಬೆಳ್ಳಗಾಗಿದೆ. ಒಬ್ಬಳೇ ಬಂದಿದ್ದಳು, ವಿಮಲಾಬಾಯಿ ತೀರಿಕೊಂಡರೆಂದು ಅನಂತಯ್ಯನ ಅಳಿಯನಿಗೆ ಹೇಳುತ್ತಿದ್ದಳು. ಪಡ್ಡು ತರಿಸಿಕೊಂಡಳು. ಕೈಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಎದುರಿನ ಕುರ್ಚಿ ಖಾಲಿಯಿತ್ತು, ಅದನ್ನು ನೋಡುತ್ತಾ ತುಂಬ ಹೊತ್ತು ಮೊದಲನೆಯ ತುತ್ತನ್ನು ಎತ್ತಲೇ ಇಲ್ಲ. ನನ್ನ ಉಳಿದ ಕಡ್ಡಿಗಳೆಲ್ಲ ಬಿಗಿದವು. ಕರೆದರೆ ಹೋಗಿ ಕೂರಬೇಕು ಎನ್ನಿಸಿತು, ಕರೆಯದಿರಲಿ ಎಂದೂ ಎನ್ನಿಸಿತು.

ಅಷ್ಟರಲ್ಲಿ ತಟ್ಟೆ ಹಿಡಿದ ಯಾರೋ ಬಂದು, "ಇಲ್ಲಿ ಯಾರಾದ್ರೂ ಬರೋರಿದ್ದಾರಾ?" ಎಂದು ಕೇಳಿದರು.

"ಯಾರೂ ಇಲ್ಲ," ಎಂದಳು ಗಂಗಾಂಬಿಕೆ. "ಕೂತ್ಕಳ್ರಿ."