ಕೆಂಪಾಗದ ಅಂಗಿ

೧
ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ಅಂಗಿಯಿಂದ ಮಾಡಿದರೆ ಪತ್ತೇದಾರಿ ಆಗುತ್ತದೆ, ಕಣ್ಣೀರಿನಿಂದ ಮಾಡಿದರೆ ಸೀರಿಯಲ್ ಆಗುತ್ತದೆ. ಮೂರು ಡ್ರಾಫ್ಟ್ ಹರಿದು ಹಾಕಿದ್ದೇನೆ. (ಸುಳ್ಳು. ಡಿಲೀಟ್ ಮಾಡಿದ್ದೇನೆ. ಹರಿಯುವ ಸುಖ ಈಗ ಯಾರಿಗಿದೆ?) ಇರಲಿ, ಅಂಗಿಯೇ ಆಗಲಿ.

೨
ಹೊಸಪೇಟೆಯ ಸುಮಂಗಲಾಳ ಗಂಡ ಯಲ್ಲೇಶ್ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಅದಿರಿನ ಧೂಳು ಹಿಡಿದ ಅಂಗಿಯನ್ನು ಮೂರು ಸಲ ಜಾಲಿಸಿದರೂ ಬಕೆಟ್ಟಿನ ನೀರು ಕೆಂಪಾಗಿಯೇ ಇರುತ್ತದೆ. ಒಂಬತ್ತು ವರ್ಷ ಅವಳು ಆ ನೀರನ್ನು ಬೈದುಕೊಂಡೇ ಚೆಲ್ಲಿದ್ದಳು. ಹೋದ ವರ್ಷ ಕೆಲವು ಗುರುವಾರ ನೀರು ಕೆಂಪಾಗಲಿಲ್ಲ. ಸುಮಂಗಲಾಗೆ ಗಂಡನ ಮೇಲೆ ಸಂಶಯ ಬಂತು.

"ಸಂಶಯ ಅಂತ ಬರೀಬ್ಯಾಡ್ರಿ," ಎಂದಳು ಸುಮಂಗಲಾ.

(ಪಾತ್ರವೊಂದು ಎರಡನೇ ಪ್ಯಾರಾದಲ್ಲೇ ಹೀಗೆ ಬಾಯಿ ಹಾಕಿದರೆ ಕತೆಗಾರನ ಮರ್ಯಾದೆ ಏನಾಗಬೇಕು?)

"ಅವನೂ ಅದ ಅಂದ, ನಮ್ಮತ್ತಿನೂ ಅದ ಅಂದ್ಲು. ಈಗ ನೀವೂ ಅದ ಬರದ್ರಿ. ನಾ ಸಂಶಯ ಪಟ್ಟಿಲ್ರಿ. ನೋಡೀನಿ."

ಸರಿ, ತಿದ್ದಿದೆ. ಸುಮಂಗಲಾ ನೋಡಿದಳು.

೩
ನೋಡಿದ್ದರ ಬಗ್ಗೆ ಗಂಡನನ್ನು ಕೇಳಿದಳು.

"ರಸ್ತೇಕ ನೀರ್ ಹೊಡದಿದ್ರು, ಧೂಳ್ ಎಲ್ಲಿಂದ ಏಳಬೇಕು? ನಿನಗ ತಲಿ ಕೆಟ್ಟೈತಿ," ಎಂದ ಯಲ್ಲೇಶ್.

ಸಂಶಯದ ಭೂತ ಬಿಡಲಿ ಎಂದು ಅತ್ತೆ ದುರ್ಗಕ್ಕ ಮಂತ್ರಿಸಿದ ತಾಯತ ತಂದು ಸೊಸೆಯ ಕೊರಳಿಗೆ ಕಟ್ಟಿದಳು. ಓಣಿಯವರು ಸುಮಂಗಲಾಳನ್ನು ಕಂಡರೆ ದನಿ ತಗ್ಗಿಸತೊಡಗಿದರು. ಆರು ತಿಂಗಳು ಅವಳು ತನ್ನ ಕಣ್ಣನ್ನು ತಾನೇ ನಂಬಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಹೋಗಿ ನೋಡುವಳು. ಸಾರಿಗೆ ಉಪ್ಪು ಹಾಕಿದ್ದು ಹೌದಾ ಎಂದು ಅತ್ತೆಯನ್ನು ಕೇಳುವಳು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಇಲ್ಲಿ ಸಿಕ್ಕಿಸಬೇಕೆಂದಿದ್ದೆ. ಅವಳ ಮುಖ ನೋಡಿ ಸುಮ್ಮನಾದೆ.

ಕೊನೆಗೆ ಬಾಯಿಬಿಟ್ಟದ್ದು ಯಲ್ಲೇಶನ ಜೊತೆ ಟಿಪ್ಪರ್ ಓಡಿಸುವ ಪಾಲಯ್ಯ. ಆ ಗುರುವಾರಗಳಲ್ಲಿ ಯಲ್ಲೇಶ್ ಗಣಿಗೆ ಬಂದೇ ಇರಲಿಲ್ಲ, ಕಂಪ್ಲಿಯಲ್ಲಿ ಒಬ್ಬಾಕೆಯ ಮನೆಯಲ್ಲಿರುತ್ತಿದ್ದ. ಗುಟ್ಟು ರಟ್ಟಾದ ಮೇಲೆ ಯಲ್ಲೇಶ್ ಅತ್ತ, ಹೆಂಡತಿಯ ಕಾಲು ಹಿಡಿದ, ಕಂಪ್ಲಿ ಬಿಟ್ಟ. (ಬಿಟ್ಟೆನೆಂದು ಅವನೇ ಹೇಳುತ್ತಾನೆ.) ಅದಾಗಿ ಎಂಟು ತಿಂಗಳಾಯಿತು. ಸುಮಂಗಲಾ ಅಡುಗೆ ಮಾಡುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಗ್ಯಾಸನ್ನು ಈಗಲೂ ನಾಲ್ಕು ಸಲ ನೋಡುತ್ತಾಳೆ.

೪
ಈಗ ಅಂತ್ಯಗಳು.

ಅಂತ್ಯ ಒಂದು: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. (ಬರೆದ ಕೈಗೇ ನಾಚಿಕೆಯಾಯಿತು. ಡಿಲೀಟ್.)

ಅಂತ್ಯ ಎರಡು: ಸುಮಂಗಲಾ ಹಂಪಿಗೆ ಹೋಗಿ, ಮುರಿದ ಕಂಬಗಳ ನಡುವೆ ಕುಳಿತು, ಮುರಿದದ್ದರಲ್ಲೂ ಚೆಲುವಿದೆ ಎಂದು ಅರಿಯುತ್ತಾಳೆ.

"ಹಂಪಿಗ್ಯಾಕ್ರಿ? ಬೀಗರು ಬಂದಾಗೆಲ್ಲ ಕರ್ಕೊಂಡು ಹೋಗಿ ಕಾಲ್ ಸೋತಾವು. ಕಲ್ಲು ನೋಡಿದ್ರ ನನ್ ಸಂಕಟ ಹೋಗ್ತೈತೇನು?"

ಸಿಂಬಲ್ ಕೈತಪ್ಪಿದ ಸಿಟ್ಟಿಗೆ, "ಮತ್ತೆ ನಿಮಗೆ ಬೇಕಾದ್ದಾದರೂ ಏನು?" ಎಂದೆ.

"ಅವ ತಪ್ಪಾತು ಅಂದಿದ್ದು ಕಂಪ್ಲೀದಕ್ಕ. ನನ್ನ ಹುಚ್ಚಿ ಮಾಡಿದ್ದಕ್ಕ ಯಾರ್ ಅಂದಾರ್ರೀ? ನಾ ಕಂಡಿದ್ದು ಖರೆ ಇತ್ತು ಅಂತ ಈ ಮನ್ಯಾಗ ಒಬ್ರ ಬಾಯಾಗರ ಬರ್ಲಿ."

ಅಷ್ಟೇ ತಾನೇ, ಅವನ ಬಾಯಲ್ಲಿ ಬರೆದುಬಿಡುತ್ತೇನೆ ಎಂದೆ.

"ನೀವು ಬರದ್ರ ಅದು ನಿಮ್ ಮಾತಾಗ್ತೈತಿ. ನೀವ್ ಸುಮ್ಕ ಕುಂದ್ರಿ. ನಾ ಕೇಳ್ತೀನಿ."

೫
ಭಾನುವಾರ ಮಧ್ಯಾಹ್ನ. ನಾನು ಪೆನ್ನು ಕೆಳಗಿಟ್ಟೆ. (ಲ್ಯಾಪ್‌ಟಾಪ್ ಮುಚ್ಚಿದೆ ಎಂದು ಓದಿಕೊಳ್ಳಿ.) ಯಲ್ಲೇಶ್ ಊಟಕ್ಕೆ ಕುಳಿತಿದ್ದ. ದುರ್ಗಕ್ಕ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದಳು.

"ಆವಾಗ ನನ್ ಕಣ್ಣು ಸರಿ ಇದ್ವು. ನೀ ಸುಳ್ಳು ಹೇಳಿದ್ದಿ. ನಿಮ್ಮವ್ವನ ಮುಂದ ಹೇಳು," ಎಂದಳು ಸುಮಂಗಲಾ.

"ಮುಗದಿದ್ದು ಮತ್ಯಾಕ ತೆಗಿತಿ? ತಪ್ಪಾತು ಅಂದೀನಲ್ಲ," ಎಂದು ಯಲ್ಲೇಶ್ ತಟ್ಟೆಯನ್ನೇ ನೋಡಿದ. ಅವನಿಂದ ಇನ್ನೊಂದು ಸಾಲು ಹೊರಡಿಸಲು ನನ್ನಿಂದಾಗಲಿಲ್ಲ.

ಮಾತಾಡಿದ್ದು ದುರ್ಗಕ್ಕ. ಅವಳಿಗೆ ನಾನು ಇಲ್ಲಿ ಡೈಲಾಗೇ ಇಟ್ಟಿರಲಿಲ್ಲ.

"ನಾನೂ ನೋಡಿದ್ನವ್ವಾ ಆ ಅಂಗಿ. ಬಚ್ಚಲಕ್ಕ ಒಯ್ದು ಹಾಕೂವಾಗ. ಹೆತ್ತ ಮಗನ ಬಾಯಿಗೆ ಏನ್ ಕಟ್ಲಿ? ನಿನ್ ಕೊಳ್ಳಾಗ ಕಟ್ಟಿದೆ."

ಸುಮಂಗಲಾಗೆ ನಿರಾಳವಾಯಿತು. ಅದೇ ಗಳಿಗೆಗೆ ಹೊಟ್ಟೆಗೆ ಬೆಂಕಿಯೂ ಬಿತ್ತು. ಎರಡನ್ನೂ ಬರೆದಿದ್ದೇನೆ, ಒಂದನ್ನು ಆರಿಸು ಎಂದು ನನಗೆ ಹೇಳಬೇಡಿ.

೬
ಅವಳು ಉಳಿದಳೇ, ಬಿಟ್ಟು ಹೋದಳೇ? ನೀವು ಕೇಳುತ್ತೀರಿ, ನಾಳೆ ಸಂಪಾದಕರೂ ಕೇಳುತ್ತಾರೆ. ಬಾಗಿಲ ಮೆಟ್ಟಿಲ ಮೇಲೆ ಬಂದು ಕುಳಿತವಳನ್ನು ನಾನೂ ಕೇಳಿದೆ, ಮುಂದೇನು ಬರೆಯಲಿ ಎಂದು.

"ಏನೂ ಬ್ಯಾಡ್ರಿ. ಭಾಳ ದಣಿವಾಗೈತಿ," ಎಂದಳು ಸುಮಂಗಲಾ. "ಸ್ವಲ್ಪ ಹೊತ್ತು ನನಗ ಯಾರೂ ಏನೂ ಹೇಳಬ್ಯಾಡ್ರಿ."