ಕೊಬ್ಬನ್ನು ಸೀಳಿ ತೋರಿಸಿ ಎಂದವರು

ಮೊದಲ ಭೇಟಿಯನ್ನು ಕೂಡಿಸಿಕೊಟ್ಟವರು ಸೆಲ್ವರಾಣಿ. ಮಧುರೈಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ತಂತ್ರಜ್ಞ ಜ್ಞಾನಮುತ್ತು ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದವರು. ನಿವೃತ್ತರಾಗಿದ್ದ ಜ್ಞಾನಮುತ್ತು ಅವರಿಗೆ ನಾನು ಬರೆದ ಎರಡು ಪತ್ರಗಳಿಗೂ ಉತ್ತರವಿರಲಿಲ್ಲ. “ಅಯ್ಯಾಗೆ ಕಾಗದ ಬರೀಬೇಡಿ. ಭಾನುವಾರ ಚರ್ಚ್ ಬಿಟ್ಟ ಮೇಲೆ ಸುಕ್ಕುಕಾಫಿ ಅಂಗಡಿ ಹತ್ರ ನಿಂತ್ಕೊಳ್ಳಿ. ಬೇಸಗೇಲಿ ಉಣ್ಣೆ ತೊಟ್ಟೋರು ಯಾರೋ, ಅವರೇ” ಎಂದರು ಸೆಲ್ವರಾಣಿ.

ಒಣಶುಂಠಿ ಕಾಫಿಯ ಆ ಅಂಗಡಿ ಈಗಿಲ್ಲ. ಅಂದು ಮೇ ತಿಂಗಳ ಉರಿಬಿಸಿಲಿನಲ್ಲಿ, ಬಲ ಮಣಿಕಟ್ಟಿಗೆ ಬೂದುಬಣ್ಣದ ಉಣ್ಣೆಯ ಪಟ್ಟಿ ಧರಿಸಿ, ಅಂಗೈಗಳೆರಡನ್ನೂ ಕಂಕುಳಲ್ಲಿ ಅಡಗಿಸಿ, ಕಾವಿಗೆ ಕುಳಿತ ಹಕ್ಕಿಯಂತೆ ತುಸು ಬಾಗಿ ಅವರು ನಡೆದುಬಂದರು. ದಶಕಗಳ ಕಾಲ, ಅಂಗಾಂಶವನ್ನು ಹೆಪ್ಪುಗಟ್ಟಿಸಿ ಸೀಳುವ ಯಂತ್ರದ ಶೈತ್ಯಪೆಟ್ಟಿಗೆಯೊಳಗೆ ಆಡಿದ ಆ ಕೈಗಳು ಮತ್ತೆಂದೂ ಬೆಚ್ಚಗಾಗಿರಲಿಲ್ಲ. ಮಾತಿನ ಮಧ್ಯೆ ಉಸಿರು ಹಿಡಿಯುತ್ತಿದ್ದರು; ಅದೂ ಕೆಲಸದಿಂದ ಬಂದ ಅಭ್ಯಾಸ. ಕೂದಲಿಗಿಂತ ಹತ್ತು ಪಟ್ಟು ತೆಳುವಾದ ಅಂಗಾಂಶದ ಪದರವು ಅಲಗಿನಿಂದ ಏಳುವಾಗ ಉಸಿರು ತಾಗಿದರೂ ಮುದುಡುತ್ತದೆ.

ಶಸ್ತ್ರಚಿಕಿತ್ಸೆಯ ನಡುವೆಯೇ ಗಡ್ಡೆಯ ತುಣುಕು ಅವರಲ್ಲಿಗೆ ಬರುತ್ತಿತ್ತು. ಅದನ್ನು ಹೆಪ್ಪುಗಟ್ಟಿಸಿ, ಸೀಳಿ, ಬಣ್ಣವೇರಿಸಿ ಕೊಟ್ಟ ಮೇಲಷ್ಟೇ ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ನಿರ್ಣಯ. ಅಲ್ಲಿಯವರೆಗೆ ರೋಗಿ ಮೇಜಿನ ಮೇಲೆಯೇ. ಹಳೆಯ ಯಂತ್ರದಲ್ಲಿ ಒಮ್ಮೆ ಸ್ತನದ ಕೊಬ್ಬು ಗಟ್ಟಿಯಾಗದೆ ಪದರವೆಲ್ಲ ಹರಿದುಹೋಯಿತು. ಉತ್ತರವಿಲ್ಲದೆ ಗಾಯ ಹೊಲಿಸಿಕೊಂಡು ಹೋದ ಹೆಂಗಸು ಎರಡನೆಯ ಸಲ ಮೇಜನ್ನೇರಲು ಬಂದಳು. “ನನ್ನ ನೋಡಿ ನಕ್ಕಳು. ಬೈದಿದ್ರೆ ಆಗ್ತಿತ್ತು” ಎಂದರು ಜ್ಞಾನಮುತ್ತು.

ಹೊಸ ಯಂತ್ರ ಕೊಳ್ಳುವ ಕಾಲ ಬಂದಾಗ ಮದರಾಸಿನಿಂದ ಇಬ್ಬರು ಮಾರಾಟಗಾರರು ಬಂದರು. ಮೊದಲನೆಯವನದು ತಾನೇ ತಿರುಗುವ, ಥಳಥಳಿಸುವ ಯಂತ್ರ. ಮೇಕೆಯ ಲಿವರನ್ನು ಅದು ಮಲ್ಲಿಗೆಯ ಎಸಳಿನಂತೆ ಸೀಳಿತು. ಆಸ್ಪತ್ರೆಯ ಮುಖ್ಯಸ್ಥರು ತಲೆದೂಗಿದರು. ಆಗ ಜ್ಞಾನಮುತ್ತು ಚೀಲದಿಂದ ಬಾಳೆಲೆಯ ಪೊಟ್ಟಣವೊಂದನ್ನು ಬಿಚ್ಚಿದರು: ಕಸಾಯಿಖಾನೆಯಿಂದ ತಂದ ಮೇಕೆಯ ಕೆಚ್ಚಲು.

“ಇದನ್ನ ಕುಯ್ಯಿ, ತಂಬಿ.”

“ಅಣ್ಣಾಚ್ಚಿ, ಯಾವ ಊರಲ್ಲೂ ಹೀಗೆ ಕೇಳಿಲ್ಲ. ಲಿವರ್ ಚೆನ್ನಾಗೇ ಬಂತಲ್ಲಾ.”

“ಲಿವರ್ ಹೆಣ್ಣು ನೋಡೋಕೆ ಬಂದ ಗಂಡಿನ ಥರ. ಆ ಒಂದಿನ ಎಲ್ರೂ ಸಾಧುಗಳೇ. ನಾವು ಸಂಸಾರ ಮಾಡ್ಬೇಕಾದ್ದು ಇದರ ಜೊತೆ.”

ಅಲಗಿನ ಮೇಲೆ ಕೊಬ್ಬು ಬೆಣ್ಣೆಯಂತೆ ಮೆತ್ತಿಕೊಂಡಿತು. ಎರಡನೆಯವನ ಯಂತ್ರ ಒಡ್ಡೊಡ್ಡಾದ ಪೆಟ್ಟಿಗೆ. ಆದರೆ ತುಣುಕು ಕೂರುವ ಪೀಠವನ್ನಷ್ಟೇ ಬೇರೆಯಾಗಿ, ಇನ್ನೂ ಆಳವಾಗಿ ತಣಿಸಬಲ್ಲದು. ಮೂರನೆಯ ಯತ್ನಕ್ಕೆ ಪದರ ಇಡಿಯಾಗಿ ಬಂತು.

“ಆ ಡಬ್ಬಾನಾ? ಅದನ್ನ ಕೈಲಿ ತಿರುಗಿಸ್ಬೇಕಲ್ರೀ” ಎಂದು ಮುಖ್ಯಸ್ಥರು ಮುಖ ಕಿವಿಚಿದರು.

“ಕೈ ಇದೆ, ಸಾರ್.”

ಆ ಡಬ್ಬವೇ ಬಂತು.

ತಾವೆಂದೂ ಮುಖ ಕಾಣದವರ ಪರವಾಗಿ ಹೀಗೆ ಹಟ ಹಿಡಿಯುವ ಒಂದು ಕುಲ ಪ್ರಯೋಗಾಲಯಗಳ ಹಿಂಬದಿಯ ಕೋಣೆಗಳಲ್ಲಿ ಬಾಳಿಹೋಯಿತು; ಯಾವುದನ್ನೇ ಆಗಲಿ ಅದರ ಅತಿ ಕಠಿಣವಾದ ದಿನದಿಂದ ಅಳೆಯುವುದು ಅವರ ಧರ್ಮವಾಗಿತ್ತು. ಹೊಸ ಯಂತ್ರದ ಮೊದಲ ನಮೂದು ಪ್ರಯೋಗಾಲಯದ ವಹಿಯಲ್ಲಿ ಜ್ಞಾನಮುತ್ತು ಅವರದೇ ಅಕ್ಷರದಲ್ಲಿದೆ: ೧೪ ಮಾರ್ಚ್ ೧೯೮೮. ಎಡಸ್ತನದ ಗಡ್ಡೆ. ಹದಿನಾಲ್ಕು ನಿಮಿಷ. ಕ್ಯಾನ್ಸರ್ ಅಲ್ಲ.