ಝೊರಿಲ್ಲಾಗೊಂದು ವಾಕ್ಯ

ನಮ್ಮ ಭಾವನ ಇಂಗ್ಲಿಷ್-ಕನ್ನಡ ನಿಘಂಟು ಮುಗಿಯುವುದಕ್ಕೆ ಒಂದೇ ಒಂದು ಪ್ರಾಣಿ ಅಡ್ಡ ಮಲಗಿತ್ತು. ಅದರ ಹೆಸರು ಝೊರಿಲ್ಲಾ. ಗೊರಿಲ್ಲಾದ ತಮ್ಮನೇನೋ ಅಂದುಕೊಳ್ಳಬೇಡಿ, ಹಾಗೆ ಅಂದುಕೊಂಡು ನಾನು ಬೈಸಿಕೊಂಡಿದ್ದೇನೆ. ಇದು ಆಫ್ರಿಕಾದ, ಬೆಕ್ಕಿಗಿಂತ ಚಿಕ್ಕದೊಂದು ಪ್ರಾಣಿ; ಕಪ್ಪು ಮೈ, ಬೆನ್ನ ಮೇಲೆ ಬಿಳಿ ಪಟ್ಟೆ. ಹೆಸರಿನ ಮೂಲ ಅರ್ಥ ಸ್ಪ್ಯಾನಿಷ್‌ನಲ್ಲಿ ‘ಪುಟ್ಟ ನರಿ’ ಅಂತೆ, ಆದರೆ ನರಿಗೂ ಅದಕ್ಕೂ ಹೇಳಿಕೊಳ್ಳುವಂಥ ನೆಂಟಸ್ತಿಕೆಯೇನೂ ಇಲ್ಲ. ಯಾರಾದರೂ ಮೇಲೆ ಬಿದ್ದು ಬಂದರೆ ಬಾಲ ಎತ್ತಿ ಅಸಾಧ್ಯ ನಾತ ಬಿಡುತ್ತದೆ. ಇಂಗ್ಲಿಷಿನವರೇ ಈ ಹೆಸರನ್ನು ಅಪರೂಪಕ್ಕೆ ಬಳಸುತ್ತಾರೆ.

ಅರ್ಥ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಭಾವ ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಮೇಷ್ಟ್ರುತನದಿಂದ ಆಗಿರಲಿಲ್ಲ. ಪ್ರತಿ ಪದಕ್ಕೂ ಬಳಕೆಯ ವಾಕ್ಯ ಬೇಕು. ಅದನ್ನು ತಾವು ಕಟ್ಟುವಂತಿಲ್ಲ. ಕನ್ನಡ ಮಾತಾಡುವ ಯಾರೋ ಒಬ್ಬರು ತಮ್ಮಷ್ಟಕ್ಕೆ ತಾವೇ ಆ ಪದ ಬಳಸಿ ಆಡಿರಬೇಕು. ಇದು ಅವರ ನೇಮ. ‘ಲೀಕ್’ಗೆ ನಲ್ಲಿ ರಿಪೇರಿಯವನು ವಾಕ್ಯ ಕೊಟ್ಟಿದ್ದ, ‘ಜೀಬ್ರಾ’ಗೆ ರಸ್ತೆ ದಾಟಿಸುವ ಪೊಲೀಸು. ಝೊರಿಲ್ಲಾ ಅಂತ ಯಾರು ಬಾಯಿಬಿಡಬೇಕು, ನೀವೇ ಹೇಳಿ?

ಇದರಲ್ಲಿ ಪೇಚಿಗೆ ಸಿಕ್ಕಿದವಳು ನನ್ನ ಅಕ್ಕ. ಅವಳು ಮನೆಯಲ್ಲೇ ಹೊಲಿಗೆ ಕಲಿಸುತ್ತಾಳೆ. ಹೊಲಿಗೆ ಯಂತ್ರಗಳು ಅಡುಗೆಮನೆ ಪಕ್ಕದ ಕತ್ತಲೆ ಪ್ಯಾಸೇಜಿನಲ್ಲಿ ಒಂದರ ಹಿಂದೊಂದು ನಿಂತಿದ್ದವು. ಸೂಜಿಗೆ ದಾರ ಪೋಣಿಸಬೇಕೆಂದರೆ ಬೀದಿ ಬಾಗಿಲಿಗೆ ಓಡಬೇಕು. ದೊಡ್ಡ ಕಿಟಕಿಯಿರುವ ಮುಂದಿನ ಕೋಣೆಯ ತುಂಬ ನಿಘಂಟು. ಪುಸ್ತಕ ಅಚ್ಚಿಗೆ ಹೋದ ದಿನವೇ ಕೋಣೆ ನಿನ್ನದು ಎಂದು ಭಾವ ಮಾತು ಕೊಟ್ಟು ಯಾವ ಕಾಲವಾಯಿತೋ. ಕಣ್ಣು ನೋಯುತ್ತದೆಂದು ಕೆಲವರು ಕಲಿಯುವುದನ್ನು ಬಿಟ್ಟೇ ಹೋಗಿದ್ದರು. ಉಳಿದವರೂ ಹೋದರೆ ತರಗತಿಗೆ ಬೀಗವೇ.

ನಾನು ಅದೇ ನಿಘಂಟಿನ ಪ್ರೂಫ್ ನೋಡುವವಳು. ತಾಳ್ಮೆ ನನ್ನ ಹತ್ತಿರ ಸುಳಿಯುವುದಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ಪಕ್ಕದ ಮನೆ ವಕೀಲರು ಸೆಂಟು ಸುರಿದುಕೊಂಡು ಝೊರಿಲ್ಲಾ ಹಾಗೆ ನಾರುತ್ತಾರೆ ಎಂದೆ. ಇದು ನಾಟಕದ ಮಾತು, ನಡೆಯುವುದಿಲ್ಲ ಎಂದರು ಭಾವ, ತಟ್ಟೆಯಿಂದ ತಲೆಯೂ ಎತ್ತದೆ. ಸರಿ, ವಕೀಲರಿಗೇ ಹೇಳಿಕೊಟ್ಟೆ. ಪುಣ್ಯಾತ್ಮರು ಬಂದು ವರಾಂಡದಲ್ಲಿ ಕೂತು, ಸೊಳ್ಳೆಯ ಮಾತಿನ ನಡುವೆ, ಈ ಸಲ ಝೊರಿಲ್ಲಾ ಕಾಟವೂ ಜಾಸ್ತಿ ಎಂದುಬಿಟ್ಟರು. ಭಾವ ನನ್ನತ್ತ ನೋಡಿದ ನೋಟಕ್ಕೆ ನೀರು ತರುವ ನೆಪ ಹೇಳಿ ಒಳಗೆ ಓಡಿದೆ. ಅಕ್ಕನೂ ನಾನೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು.

ಆ ನಗು ಬಹಳ ದಿನ ಉಳಿಯಲಿಲ್ಲ. ಅಚ್ಚುಕೂಟದ ಯಜಮಾನರು ಮನೆಗೇ ಬಂದರು. ಈಗ ಕೊಡದಿದ್ದರೆ ಶಾಲೆ ಪುಸ್ತಕಗಳ ಕೆಲಸ ಶುರುವಾಗುತ್ತದೆ, ಆಮೇಲೆ ಮುಂದಿನ ವರ್ಷದ ಮಾತು ಎಂದು ಕಡ್ಡಿ ಮುರಿದಂತೆ ಹೇಳಿದರು. ಭಾವ ಇನ್ನೊಂದು ತಿಂಗಳು ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಆ ದರಿದ್ರ ಪ್ರಾಣಿಯನ್ನು ಕಿತ್ತು ಬಿಸಾಕಿ, ಅದನ್ನು ಹುಡುಕಿಕೊಂಡು ಯಾರು ಬರುತ್ತಾರೆ ಎಂದೆ. ಅಕ್ಕ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸಿ ಕಟ್ಟತೊಡಗಿದಳು.

ಭಾವ ಕೆಂಡವಾದರು. ನನಗೆ ನೆಟ್ಟಗೆ ಅಲ್ಪವಿರಾಮ ಹಾಕಲೂ ಬರುವುದಿಲ್ಲವಂತೆ, ಅಕ್ಕನಿಗೆ ಗುಂಡಿ, ದಾರ ಬಿಟ್ಟರೆ ಬೇರೆ ಲೋಕವೇ ಇಲ್ಲವಂತೆ. ಯಜಮಾನರನ್ನೂ ಬಿಡಲಿಲ್ಲ, ಅವರ ಶಾಯಿ ಓದುವವರ ಕೈಗೆ ಅಂಟುತ್ತದಂತೆ. ಪಾಪ, ಅವರು ಹೊಸ್ತಿಲವರೆಗೆ ಹಿಂದೆ ಸರಿದರು. ನಾನೂ ಬಾಗಿಲ ಹತ್ತಿರ ಬಂದಿದ್ದೆ. ಅಕ್ಕ ಮಾತ್ರ ಕದಲಲಿಲ್ಲ.

“ಹತ್ತಿರ ಬಂದೋರನ್ನೆಲ್ಲ ಹೀಗೆ ಓಡಿಸ್ತೀರಲ್ಲ ರೀ, ಝೊರಿಲ್ಲಾ ಥರ,” ಎಂದಳು. “ಓಡಿಸಿ. ಎಲ್ರೂ ಓಡಿಹೋದ್ರೂ ಮೂಗು ಮುಚ್ಕೊಂಡು ಇಲ್ಲೇ ನಿಂತಿರೋಳು ನಾನೊಬ್ಬಳೇ.”

ಅವಳ ಕಣ್ಣು ತುಂಬಿತ್ತು. ತಾನು ಏನು ಅಂದೆನೆಂದು ಅವಳಿಗೇ ಗೊತ್ತಿರಲಿಲ್ಲ. ಇದು ಯಾರೂ ಹೇಳಿಕೊಟ್ಟ ಮಾತಲ್ಲ ಎಂದು ನನಗೆ ತಿಳಿಯಿತು, ಭಾವನಿಗೂ ತಿಳಿಯಿತು. ಬರೀರಿ ಭಾವ ಎಂದು ಪೆನ್ನು ಮುಂದೆ ತಳ್ಳಿದೆ. ಹಿಡಿದುಕೊಂಡರು, ಬರೆಯಲಿಲ್ಲ.

“ಇದನ್ನ ಬರೆದ್ರೆ ಮುಗಿದುಹೋಗುತ್ತೆ ಕಣೇ,” ಎಂದರು ಅಕ್ಕನಿಗೆ. “ನಾಳೆ ಬೆಳಿಗ್ಗೆ ಎದ್ದು ನಾನು ಎಲ್ಲಿ ಕೂತ್ಕೊಳ್ಳಲಿ?”

ಇಷ್ಟು ದಿನ ನಾವು ಹಟ ಅಂದುಕೊಂಡಿದ್ದು ಹೆದರಿಕೆ. ನನಗೆ ಅಯ್ಯೋ ಪಾಪ ಅನ್ನಿಸಿತು. ಸಿಟ್ಟೂ ಬಂತು, ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಮಹಾರಾಯ! ಅಕ್ಕ ಕಣ್ಣೊರೆಸಿಕೊಂಡು ಕೋಣೆಯನ್ನೊಮ್ಮೆ ಅಳೆಯುವವಳಂತೆ ನೋಡಿದಳು.

“ಕಿಟಕಿ ನನಗೆ ಬೇಕು. ಗೋಡೆ ಕಡೆ ನೀವು ಕೂತ್ಕೊಳ್ಳಿ,” ಎಂದಳು.

ಭಾವ ಕಿಟಕಿಯಲ್ಲಿ ಅರ್ಧ ಕೇಳಿ ನೋಡಿದರು. ಅಕ್ಕ ಜಪ್ಪಯ್ಯ ಅಂದರೂ ಕೊಡಲಿಲ್ಲ. ಕೊನೆಗೆ ತಲೆ ಬಗ್ಗಿಸಿ ಅವಳ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದರು. ಯಜಮಾನರು ಹೊಸ್ತಿಲಿನಿಂದ ಬಂದು ಇಣುಕಿ, ‘ಝೊರಿಲ್ಲಾ ಥರ’ ಎಂಬಲ್ಲಿಗೆ ನಿಲ್ಲಿಸಿದರೆ ಪುಟದಲ್ಲಿ ಹಿಡಿಸುತ್ತದೆ, ಮುಂದಿನದಕ್ಕೂ ಪ್ರಾಣಿಗೂ ಸಂಬಂಧವಿಲ್ಲವಲ್ಲ ಎಂದರು. ಭಾವ ಒಪ್ಪಲಿಲ್ಲ. ಬೇಕಾದರೆ ಅರ್ಥವನ್ನು ಕತ್ತರಿಸಿ, ಆ ಸಾಲು ಮುಟ್ಟಬೇಡಿ ಎಂದು ಹೇಳಿ, ಎದ್ದು ತಮ್ಮ ಕುರ್ಚಿಯನ್ನು ತಾವೇ ಗೋಡೆಯ ಕಡೆಗೆ ಎಳೆದುಕೊಂಡರು.